ಬಸವಣ್ಣನ ಕಿವಿ

ಶಾಲೆಯ ಹುಡುಗರು ಈ ಸಲವೂ ಕರೆಯಲು ಬಂದರು.
ವರ್ಷಕ್ಕೆ ಎರಡು ಸಲ ಬರುತ್ತಾರೆ,
ಆಗಸ್ಟ್ ಹದಿನೈದಕ್ಕೊಮ್ಮೆ, ಸೆಪ್ಟೆಂಬರ್ ಹದಿನೇಳಕ್ಕೊಮ್ಮೆ.
ಗಂಗಾವತಿ ಸೀಮೆಗೆ ಸ್ವಾತಂತ್ರ್ಯ ಎರಡು ಕಂತಿನಲ್ಲಿ ಬಂತು,
ಬೂಂದಿಯೂ ಎರಡು ಸಲ.

ಕುರ್ಚಿ ಹಾಕಿ ಕೂರಿಸುತ್ತಾರೆ. ಮೈಕು ಕೈಗಿಟ್ಟು
'ಹುಲಿಗೆಮ್ಮಜ್ಜಿ, ನಿಮ್ಮಪ್ಪನ ಹರಿಗೋಲಿನ ಕತಿ ಹೇಳ್ರಿ' ಅನ್ನುತ್ತಾರೆ.
ಹೇಳುತ್ತೇನೆ.

ಆಗ ನನಗೆ ಎಂಟು ವರ್ಷ.
ಹೊಳೆಯ ಆಚೆ ದಂಡೆ ಹೊಸಪೇಟೆ ತಾಲೂಕು, ಮದ್ರಾಸ್ ಸರ್ಕಾರ;
ಈಚೆ ದಂಡೆ ನಿಜಾಮನದು.
ಅಪ್ಪನ ಧೋತರಕ್ಕೆ ಎರಡು ಗಂಟು,
ಒಂದರಲ್ಲಿ ಹಾಲಿ ರೊಕ್ಕ, ಇನ್ನೊಂದರಲ್ಲಿ ಕಲದಾರ.
ನಡುನೀರಿಗೆ ಯಾವ ರೊಕ್ಕ ಅಪ್ಪಾ ಎಂದರೆ
'ನಡುನೀರಾಗ ಯಾರೂ ಇಳಿಯಂಗಿಲ್ಲಲ್ಲ' ಎಂದು ನಗುತ್ತಿದ್ದ.

ಆ ರಾತ್ರಿ ಆಚೆ ದಂಡೆಯಲ್ಲಿ ಪಂಜು, ಗರ್ನಾಲು,
ಬಂಡೆಯಿಂದ ಬಂಡೆಗೆ ಪುಟಿದು ಬಂದ ಜೈಕಾರ.
ನಾವು ದೀಪ ಆರಿಸಿ ಕೂತು ನೋಡಿದೆವು,
ಮದುವೆಗೆ ಕರೆಯದ ಮನೆಯವರ ಹಾಗೆ.

ಆಮೇಲೆ ರಜಾಕಾರರು. ಲೆವಿ ಜೋಳಕ್ಕೆಂದು ಬಂದವರು
ಹಗೇವು ಬಗೆದರು, ಗೌಡರ ಬಣವೆಗೆ ಬೆಂಕಿ ಇಟ್ಟರು,
ಗಾಂಧಿ ಟೊಪ್ಪಿಗೆ ಹೊಲಿಸಿಟ್ಟಿದ್ದ ಶೇಖರಯ್ಯನನ್ನು
ಚಾವಡಿಯ ಕಂಬಕ್ಕೆ ಕಟ್ಟಿದರು.
ಅಪ್ಪ ಒಂದೇ ರಾತ್ರಿ ಏಳು ಸಲ ಹುಟ್ಟು ಹಾಕಿದ:
ಬಾಣಂತಿ, ಎಮ್ಮೆಕರು,
ಬೀಸುಕಲ್ಲು ಬಿಟ್ಟು ಬರಲೊಲ್ಲೆನೆಂದ ಒಬ್ಬ ಮುದುಕಿ,
ಅವಳ ಬೀಸುಕಲ್ಲು.
ಯಾರ ಕೈಯಿಂದಲೂ ದುಡ್ಡು ಮುಟ್ಟಲಿಲ್ಲ.

ಇಲ್ಲಿಗೆ ಚಪ್ಪಾಳೆ. ಮೇಷ್ಟ್ರು ಶಾಲು ಹೊದಿಸುತ್ತಾರೆ.
ನಾನು ಮೈಕು ತಿರುಗಿ ಕೊಡುತ್ತೇನೆ.

ಕೊಡದೆ ಹಿಡಿದುಕೊಂಡಿದ್ದರೆ

ಮರುವರ್ಷದ್ದು ಹೇಳಬೇಕಾಗುತ್ತಿತ್ತು.
ಮಿಲಿಟರಿ ಲಾರಿ ಬಂದ ದಿನ ಊರಿಗೆ ಊರೇ ಕುಣಿಯಿತು.
ಅಪ್ಪ ನನ್ನನ್ನು ಹೆಗಲೇರಿಸಿಕೊಂಡು
'ಇನ್ನ ಒಂದ ಗಂಟು ಸಾಕವ್ವಾ' ಎಂದ.
(ಹಾಲಿ ರೊಕ್ಕ ಇನ್ನೂ ಎಷ್ಟೋ ವರ್ಷ ನಡೆಯಿತು, ಆ ಮಾತು ಬೇರೆ.)
ವಾರ ಕಳೆದಿರಲಿಲ್ಲ,
ಅಪ್ಪ ದಾಟಿಸಿದವರೇ ತಿರುಗಿ ಬಂದು
ಹನುಮಪ್ಪನ ಕಟ್ಟೆಯ ಮೇಲೆ ಕೂತು ಹೆಸರು ಬರೆದರು.

ಪಿಂಜಾರ ನನ್ನೇಸಾಬ ರಜಾಕಾರನಲ್ಲ.
ಅವನಿಗೆ ಗೊತ್ತಿದ್ದದ್ದು ಅರಳೆ, ಬಿಲ್ಲು,
ದಿನವಿಡೀ ಟುಂಯ್ ಟುಂಯ್ ಎನ್ನುವ ತಂತಿ.
ನನ್ನ ತೊಟ್ಟಿಲಿನ ಗಾದಿ ಅವನು ಹಿಂಜಿದ್ದು.
ಮೊಹರಮ್ಮಿನ ಅಲಾಯಿ ಕುಣಿಗೆ
ಅವನೂ ಅಪ್ಪನೂ ಒಂದೇ ದಿಮ್ಮಿಯ ಎರಡು ತುದಿ ಹೊರುತ್ತಿದ್ದರು.

ಸರಿರಾತ್ರಿ ಕಡವಿನಿಂದ ಕೂಗು:
'ದುರಗಪ್ಪ ಮಾವಾ, ಹರಿಗೋಲ ತಾ!'
ಮಾಬೂಬಿಯ ದನಿ. ನನ್ನೇಸಾಬನ ಮಗಳು.
ನನ್ನ ಹತ್ತಿರ ಹದಿನೆಂಟು ಹುಣಸೆಬೀಜ ಗೆದ್ದಿಟ್ಟುಕೊಂಡವಳು.
ಅಪ್ಪ ಎದ್ದು ಕೂತ. ಅವ್ವ ಅವನ ಮೊಣಕೈ ಹಿಡಿದಳು.
ಬಾಗಿಲಾಚೆ ಯಾರೋ ಬೀಡಿ ಸೇದುತ್ತಿದ್ದರು,
ಹೊಗೆ ಸಂದಿಯಿಂದ ಒಳಗೆ ಬರುತ್ತಿತ್ತು.
ಮೂರು ಸಲ ಕೂಗಿದಳು.
ಮೂರನೆಯದು 'ಮಾ' ಎಂದಷ್ಟೇ ಕೇಳಿತು.
ಹುಟ್ಟು ಗೋಡೆಗೆ ಒರಗಿಯೇ ಇತ್ತು.

ಬೆಳಿಗ್ಗೆ ಅಪ್ಪ 'ಹೊಳಿ ಬಂದಿತ್ತು' ಅಂದ.
ಸಾಯುವ ತನಕ ಅದೇ ಮಾತು.
ಯಾರೂ ಕೇಳದಿದ್ದಾಗಲೂ,
ತುತ್ತು ಕೈಯಲ್ಲೇ ನಿಲ್ಲಿಸಿ, 'ಹೊಳಿ ಬಂದಿತ್ತು.'

ನಮ್ಮ ಕಡವಿನ ಬಂಡೆಯಲ್ಲಿ ಒಂದು ಬಸವಣ್ಣ ಕಡೆದಿದ್ದಾರೆ.
ಅವನ ಕಿವಿ ಮುಳುಗಿದರೆ ಹರಿಗೋಲು ಬಿಡಬಾರದು,
ಅದು ಅಂಬಿಗರ ಕಟ್ಟಳೆ.
ಅವತ್ತು ಬೆಳಕು ಹರಿಯುವ ಮುಂಚೆ ಕೊಡ ಹೊತ್ತು ಹೋಗಿದ್ದೆ.
ನೀರು ಅವನ ಕೊರಳ ಗೆಜ್ಜೆಸರದ ತನಕ.
ಕಿವಿ ಎರಡೂ ಒಣಗಿದ್ದವು.
ಮೆಟ್ಟಿಲ ಸಂದಿಯಲ್ಲಿ ಒಂದು ಹಿಡಿ ಅರಳೆ ತೊಯ್ದು
ಬೆಕ್ಕಿನ ಮರಿಯಷ್ಟಾಗಿತ್ತು.

ಈ ಸಲ ಬೂಂದಿ ಪೊಟ್ಟಣ ತಂದ ಹುಡುಗ
ನನ್ನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೇಳಿದ:
'ಅಷ್ಟ ಮಂದಿನ್ನ ದಾಟಿಸಿದ್ರಲ್ಲ ಅಜ್ಜಿ,
ದಂಡಿಮ್ಯಾಗ ಯಾರರ ಉಳದ್ರೇನು?'

ಪೊಟ್ಟಣದ ದಾರ ಬಿಚ್ಚಲಾಗಲಿಲ್ಲ.
'ಹೊಳಿ ಬಂದಿತ್ತಪ್ಪಾ,' ಅಂದೆ.